ಬಂಡೆ ಪಾಟಿನ ರೇಡಿಯೋ ನಿಂತ ಮೇಲೆ

ಒಂಟಿಯಾಗಿರುವವನ ಬದುಕಿನಲ್ಲಿ ನಗುವಂಥ ಪ್ರಸಂಗಗಳು ಒಂದರ ಹಿಂದೆ ಒಂದು ಆಗುತ್ತಲೇ ಇರುತ್ತವೆ. ಪಕ್ಕದಲ್ಲಿ ನಿಂತು ‘ಸಾಕು, ಸುಮ್ಮನಿರಿ’ ಅನ್ನುವವರು ಇಲ್ಲದಿದ್ದರೆ ಮನುಷ್ಯ ಏನು ಬೇಕಾದರೂ ಮಾಡಿಬಿಡುತ್ತಾನೆ. ನನಗೆ ಹಾಗೆ ಅನ್ನುತ್ತಿದ್ದವಳು ಹೋದಳು. ಆಮೇಲೆ ನಾನು ಮಾಡಿದ್ದೆಲ್ಲ ಊರಿಗೆ ನಗೆಯಾಯಿತು.

ನಾನು ಕುರಿ ಸಾಕುವವನು. ತಮಿಳುನಾಡಿನ ಪಾಲಕೋಡಿನಲ್ಲಿ ಬಸ್ಸು ಬದಲಾಯಿಸಿ ಇಳಿದರೆ ಕುರುಚಲು ಗುಡ್ಡದ ಕೆಳಗೆ ನಮ್ಮೂರು. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತಮಿಳು, ಕುರಿಗಳ ಜೊತೆ ಎರಡೂ. ಮಗಳನ್ನು ಸೇಲಂಗೆ ಕೊಟ್ಟೆ, ಮೊಮ್ಮಕ್ಕಳು ತಮಿಳಿನಲ್ಲೇ ಅಳುತ್ತವೆ, ತಮಿಳಿನಲ್ಲೇ ನಗುತ್ತವೆ. ಹೆಂಡತಿ ತೀರಿಕೊಂಡ ಮೇಲೆ ನಮ್ಮ ಮನೆಯಲ್ಲಿ ಕನ್ನಡಕ್ಕೆ ಕೆಲಸವೇ ಇಲ್ಲದಂತಾಯಿತು.

ಆ ಕಾಲದಲ್ಲಿ ನನ್ನ ಕೈ ಹಿಡಿದದ್ದು ಒಂದು ರೇಡಿಯೋ. ಪಾಲಕೋಡಿನಲ್ಲಿ ಯಾರೋ ಒಂದು ಪುಟ್ಟ ಸ್ಟೇಶನ್ ನಡೆಸುತ್ತಿದ್ದರು. ಬೆಳಿಗ್ಗೆ ತಮಿಳಿನಲ್ಲಿ ಟೊಮೇಟೊ ರೇಟು, ಗೊಬ್ಬರ, ಹುಳದ ಔಷಧಿ. ಮಧ್ಯಾಹ್ನದ ಊಟದ ಹೊತ್ತಿಗೆ ಮಾತ್ರ ಒಬ್ಬ ಅನೌನ್ಸರ್ ಬಂದು ಇಂಗ್ಲಿಷ್ ಹಾಡು ಹಾಕುತ್ತಿದ್ದ. ಹಾಡು ಅಂದರೆ ಕರೆಂಟಿನ ಗಿಟಾರು, ತಲೆ ಮೇಲೆ ತಗಡು ಬಿದ್ದ ಹಾಗೆ ಡ್ರಮ್ಮು, ಯಾರೋ ಯಾರಿಗೋ ಬೈಯುವ ಹಾಗೆ ಕೂಗು. ಅದಕ್ಕೆ ರಾಕ್ ಅನ್ನುತ್ತಾರೆ, ರಾಕ್ ಅಂದರೆ ಬಂಡೆ ಅಂತ ಅವನೇ ಹೇಳಿದ. ನಮ್ಮ ಕಡೆ ಬಂಡೆಗೇನು ಬರ? ಹಾಡಿಗೆ ತಮಿಳಿನಲ್ಲಿ ಪಾಟು, ಊರವರೆಲ್ಲ ಅದನ್ನು ಬಂಡೆ ಪಾಟು ಅಂತಲೇ ಕರೆದರು.

ಹಾಡು ನನಗೆ ಒಂದೂ ತಿಳಿಯುತ್ತಿರಲಿಲ್ಲ. ಆದರೆ ಹಾಡಿಗೆ ಮುಂಚೆ ಅವನು ನಮ್ಮ ಮಾತಿನಲ್ಲಿ, ನಮ್ಮ ಹಟ್ಟಿಯ ರಾಗದಲ್ಲಿ, “ಉಂಡ್ರಾ ಎಲ್ಲಾರೂ?” ಅಂತ ಕೇಳುತ್ತಿದ್ದ. ಕೇಳಿ ಸ್ವಲ್ಪ ಹೊತ್ತು ಸುಮ್ಮನಿರುತ್ತಿದ್ದ. ಆ ಸುಮ್ಮನಿರುವ ಹೊತ್ತು ನನಗೇ ಬಿಟ್ಟದ್ದು ಅಂತ ನನ್ನ ಲೆಕ್ಕ. ಗುಡ್ಡದ ಮೇಲೆ ಕೂತು ಗಟ್ಟಿಯಾಗಿ, “ಉಂಡೆ ಕಣಪ್ಪಾ” ಅನ್ನುತ್ತಿದ್ದೆ. ಉಣ್ಣದ ದಿನವೂ ಹಾಗೇ ಅನ್ನುತ್ತಿದ್ದೆ. ಸುಮ್ಮನೆ ಅವನಿಗೆ ಯಾಕೆ ಬೇಜಾರು ಮಾಡಬೇಕು?

ಟೊಮೇಟೊ ಕೇಳಿದ ಪಾಟು

ನಮ್ಮಲ್ಲಿ ಬೆಳೆ ಇಡುವ ಮುಂಚೆ ಹೊಲದಲ್ಲಿ ಕುರಿ ಮಂದೆ ನಿಲ್ಲಿಸಿಕೊಳ್ಳುತ್ತಾರೆ. ರಾತ್ರಿಯೆಲ್ಲ ಕುರಿ ಅಲ್ಲೇ ಮಲಗಿದರೆ ಹಿಕ್ಕೆ, ಗಂಜಳ ಮಣ್ಣಿಗೆ ಬೀಳುತ್ತದೆ. ಕುರಿಯವನಿಗೆ ರಾಗಿ ಕೊಡುತ್ತಾರೆ. ಒಬ್ಬ ಟೊಮೇಟೊ ರೈತನ ಹೊಲದಲ್ಲಿ ಮಂದೆ ಹಾಕಿದ್ದೆ. ಮಧ್ಯಾಹ್ನದ ಹಾಡುಗಳನ್ನೇ ಸ್ಟೇಶನ್‌ನವರು ಸಂಜೆ ಇನ್ನೊಂದು ಸಲ ಹಾಕುತ್ತಿದ್ದರು. ನಾನು ರೇಡಿಯೋವನ್ನು ಬೇಲಿ ಗೂಟಕ್ಕೆ ನೇತುಹಾಕಿ ಕುರಿ ಎಣಿಸುತ್ತಿದ್ದೆ.

ಆ ಸಲ ಅವನಿಗೆ ಟೊಮೇಟೊ ಬಂತು ನೋಡಿ, ಒಂದೊಂದು ಮುಷ್ಟಿಯಷ್ಟು. ಮುಂದಿನ ಸಲ ಮಾತಾಡಲು ಬಂದವನು ಕುರಿಯ ವಿಷಯ ಎತ್ತಲೇ ಇಲ್ಲ.

“ಮಾವಾ, ಆ ರೇಡಿಯೋ ತರ್ತೀರಿ ತಾನೆ?”

“ಕುರಿ ಬೇಡ್ವಾ?”

“ಕುರೀನೂ ಬರ್ಲಿ. ಆ ಸದ್ದಿಗೆ ಕುರಿ ಬೆದ್ರಿ ಜಾಸ್ತಿ ಇಕ್ಕೆ ಆಕ್ತವೆ ಮಾವಾ, ನಾನ್ ನೋಡಿವ್ನಿ.”

ಸುದ್ದಿ ಹಬ್ಬಿತು. ಅದೇ ಸಾಲಿನಲ್ಲಿ ಇನ್ನೊಬ್ಬನ ಹೊಲದಲ್ಲಿ ಮಂದೆ ಹಾಕಿದ ದಿನ ಸಂಜೆ ಹಾಡು ಬರಲಿಲ್ಲ, ಹುಳದ ಔಷಧಿಯ ಮಾತೇ ಬಂತು. ಆ ರೈತ ಬದುವಿನ ಮೇಲೆ ನಿಂತು ಜಗಳಕ್ಕೇ ಬಂದ. “ಅವ್ನ ಒಲಕ್ಕೆ ಇಂಗ್ಲೀಸ್ ಪಾಟು, ನನ್ನ ಒಲಕ್ಕೆ ಮರುಂದು ಮಾತಾ? ನನ್ ಟೊಮೇಟೊ ಏನ್ ಪಾಪ ಮಾಡಿತ್ತು?”

ಹುಣಸೆ ಮರದ ಮೇಲೆ

ಒಂದು ದಿನ ಮಧ್ಯಾಹ್ನ ರೇಡಿಯೋ ತಿರುಗಿಸಿದರೆ ಬರೀ ಸುಯ್ ಅನ್ನುವ ಸದ್ದು. ಸೆಲ್ಲು ತೀರಿತು ಅಂದುಕೊಂಡು ಬಿಚ್ಚಿ ಬಂಡೆಯ ಮೇಲೆ ಬಿಸಿಲಿಗಿಟ್ಟೆ. ಮತ್ತೆ ಹಾಕಿದೆ, ಸುಯ್. ಬಂಡೆ ಹತ್ತಿದೆ, ಸುಯ್. ಮೇಲಕ್ಕೆ ಹೋದರೆ ಸಿಕ್ಕೀತು ಅಂತ ಟೊಮೇಟೊ ಹೊಲದ ಪಕ್ಕದ ಹುಣಸೆ ಮರ ಹತ್ತಿದೆ. ರೇಡಿಯೋ ಜಾರದಿರಲಿ ಅಂತ ಅದರ ಹಗ್ಗವನ್ನು ಕೊಂಬೆಗೆ ಕಟ್ಟುತ್ತಿದ್ದೆ.

ಕೆಳಗೆ ಟೊಮೇಟೊ ಕೀಳುತ್ತಿದ್ದ ಹೆಂಗಸರು ಕಣ್ಣೆತ್ತಿ ನೋಡಿದರು. ಅವರಿಗೆ ಕಂಡದ್ದು ಇಷ್ಟು: ಹೆಂಡತಿ ಸತ್ತ ಗಂಡಸು, ಒಬ್ಬನೇ, ಮರದ ಮೇಲೆ, ಕೈಯಲ್ಲಿ ಹಗ್ಗ. ಬುಟ್ಟಿಗಳನ್ನೆಲ್ಲ ಬಿಸುಟು ಓಡಿ ಬಂದರು. ಅವರ ಮೇಸ್ತ್ರಿ ಹೆಂಗಸು ಮರದ ಬುಡ ತಬ್ಬಿಕೊಂಡಳು.

“ಬ್ಯಾಡ ಮಾವಾ! ಎಲ್ಲಾರ್ಗೂ ಕಷ್ಟ ಐತೆ ಮಾವಾ! ಮಗ್ಳ ಮೊಕ ನೆನಸ್ಕೊಳ್ರಿ!”

ಇನ್ನೊಬ್ಬಳು ಅಷ್ಟರಲ್ಲಿ ಅಳುವುದಕ್ಕೇ ಶುರು ಮಾಡಿದ್ದಳು. ನಾನು ಮೇಲಿಂದ, “ಏನಿಲ್ಲ ಕಣ್ರವ್ವಾ, ರೇಡಿಯೋ ಸಿಕ್ತಾ ಇಲ್ಲ” ಅಂದೆ.

ಮೇಸ್ತ್ರಿ ಮರ ಬಿಟ್ಟಳು. ಸೆರಗಿನಿಂದ ಕೈ ಒರೆಸಿಕೊಂಡಳು. “ಇದುಕ್ಕಾ? ಇದುಕ್ಕಾ ಮರ ಅತ್ತಿದ್ದು? ಅಡಪಾವಿ, ಎರಡು ಬುಟ್ಟಿ ಅಣ್ಣು ತುಳ್ದು ಬಂದ್ವಲ್ಲಾ!”

ಸಾಯುವುದಕ್ಕೆ ಹತ್ತಿದ್ದರೆ ಕೈ ಹಿಡಿದು ಇಳಿಸುತ್ತಿದ್ದರು. ಬೈಸಿಕೊಂಡು ಒಬ್ಬನೇ ಇಳಿದೆ.

ಮೊಟ್ಟೆಯವನಿಗೆ ಸೀಟು

ಎಷ್ಟು ದಿನ ಕಾದರೂ ಸುಯ್ ಅನ್ನುವುದು ನಿಲ್ಲಲಿಲ್ಲ. ಕುರಿಗಳನ್ನು ತಮ್ಮನಿಗೆ ಒಪ್ಪಿಸಿ ಪಾಲಕೋಡಿಗೆ ಹೋದೆ. ಸ್ಟೇಶನ್ ಅಂದರೆ ಕಲೆಕ್ಟರ್ ಆಫೀಸಿನಷ್ಟು ದೊಡ್ಡದು ಅಂದುಕೊಂಡಿದ್ದೆ. ನೋಡಿದರೆ ಗೊಬ್ಬರದ ಅಂಗಡಿಯ ಮೇಲೆ ಒಂದು ಕೋಣೆ. ಬೀಗ.

ಅಂಗಡಿಯವನು, “ರೇಡಿಯೋವಾ? ಅದು ಮೂಡಿಟ್ಟಾಂಗ, ಮುಚ್ಚಾಕ್ಬುಟ್ರು. ನಡೆಸೋಕೆ ಆಗ್ಲಿಲ್ಲ ಅವ್ರಿಗೆ” ಅಂದ. ಗೊಬ್ಬರದ ಮೂಟೆಯ ಮೇಲೆ ಕೂತುಬಿಟ್ಟೆ. ಅವನಿಗೆ ಕನಿಕರ ಬಂತೋ, ಮೂಟೆ ಒಡೆದೀತು ಅಂತ ಭಯವೋ, ಬೀಗ ತೆಗೆದು ತೋರಿಸಿದ. ಮೇಜಿಲ್ಲ, ಮೈಕಿಲ್ಲ. ಗೋಡೆಯ ತುಂಬ ಗಮ್ಮಿನ ಗುರುತು. ಬಾಗಿಲ ಹಿಂದೆ ಅನೌನ್ಸರ್‌ನ ಫೋನ್ ನಂಬರು ಒಂದೇ ಉಳಿದಿತ್ತು, ಅದನ್ನು ನನ್ನ ಫೋನಿಗೆ ಹಾಕಿಸಿಕೊಂಡೆ.

“ಗೋಡೆ ಮೇಲೆ ಏನಿತ್ತು?”

“ಮುಟ್ಟೆ ಟ್ರೇ. ಸದ್ದು ಆಚೆ ಓಗ್ದೆ ಇರ್ಲಿ ಅಂತ ಅಂಟಿಸಿದ್ರು. ಎದುರುಗಡೆ ಮೊಟ್ಟೆ ಅಂಗಡಿಯೋನು ಕಿತ್ಕೊಂಡ್ ಓದ.”

ಮೊಟ್ಟೆ ಅಂಗಡಿಗೆ ಹೋಗಿ ಒಂದು ಟ್ರೇ ಕೇಳಿದೆ. “ಮೊಟ್ಟೆ ಎಷ್ಟು?” ಅಂದ. ಮೊಟ್ಟೆ ಬೇಡ, ಟ್ರೇ ಸಾಕು ಅಂದೆ. ಅವನು ನನ್ನನ್ನೂ ಟ್ರೇಯನ್ನೂ ನೋಡಿ, ಬೇಗ ಹೋದರೆ ಸಾಕು ಅಂತ ಕೊಟ್ಟುಬಿಟ್ಟ. ಅನೌನ್ಸರ್‌ನ ಮಾತು, ಅವನ ಹಾಡು ಎಲ್ಲ ಕೇಳಿದ ಟ್ರೇ ಅದು. ಟವಲಿನಲ್ಲಿ ಸುತ್ತಿ ಎರಡೂ ಕೈಯಲ್ಲಿ ಹಿಡಿದುಕೊಂಡು ಬಸ್ಸು ಹತ್ತಿದೆ.

ಬಸ್ಸಿನಲ್ಲಿ ಕಾಲಿಡಲು ಜಾಗವಿಲ್ಲ. ಕಂಡಕ್ಟರ್ ನನ್ನ ಕೈ ನೋಡಿ ಕೂಗಿದ, “ಮುಟ್ಟೆ ವರುದು, ವಳಿ ವಿಡುಂಗ!” ಮೊಟ್ಟೆಗೆ ದಾರಿ ಬಿಟ್ಟು ಜನ ಎರಡಾಗಿ ಸರಿದರು. ಕಾಲೇಜಿನ ಹುಡುಗನೊಬ್ಬ ಎದ್ದು ಸೀಟು ಕೊಟ್ಟ. ಡ್ರೈವರ್ ಪ್ರತಿ ಹಳ್ಳಕ್ಕೂ ನಿಧಾನ ಮಾಡಿದ. ಇಷ್ಟು ವರ್ಷ ಆ ದಾರಿಯಲ್ಲಿ ಓಡಾಡಿದ್ದೇನೆ, ನನಗೆ ಅಂತ ಯಾರೂ ಒಂದು ಹಳ್ಳ ತಪ್ಪಿಸಿದ್ದಿಲ್ಲ. ಇಳಿಯುವಾಗ ಗಾಳಿಗೆ ಟವಲು ಹಾರಿತು. ಬಸ್ಸಿನ ಕಿಟಕಿಗಳೆಲ್ಲ ಖಾಲಿ ಟ್ರೇಯನ್ನು ನೋಡಿದವು. ಕಂಡಕ್ಟರ್ ವಿಸಿಲ್ ಬಾಯಲ್ಲಿಟ್ಟುಕೊಂಡವನು ಊದುವುದನ್ನೇ ಮರೆತ.

ಕುರಿಗಳ ಮುಷ್ಕರ

ಸ್ಟೇಶನ್ ನಿಂತ ಸುದ್ದಿಯನ್ನು ನಾನು ಹೇಗೋ ನುಂಗಿಕೊಂಡೆ. ಕುರಿಗಳು ನುಂಗಲಿಲ್ಲ. ಮಧ್ಯಾಹ್ನ ನೆರಳಿನಲ್ಲಿ ಮಲಗುತ್ತಿದ್ದವು, ಡ್ರಮ್ಮು ಬಾರಿಸಿದೊಡನೆ ಎದ್ದು ನೀರಿಗೆ ಹೊರಡುತ್ತಿದ್ದವು. ಈಗ ಡ್ರಮ್ಮಿಲ್ಲ, ಅವು ಏಳಲಿಲ್ಲ. ಹೋಯ್ ಅಂದೆ, ಕೋಲು ಬಡಿದೆ, ಡಬ್ಬ ಬಾರಿಸಿದೆ. ಕೊನೆಗೆ ನಾಚಿಕೆ ಬಿಟ್ಟು ನಾನೇ ಬಂಡೆ ಪಾಟು ಹಾಡಿದೆ. ಮುಂದಾಳು ಟಗರು ಕಣ್ಣು ಬಿಟ್ಟು ನೋಡಿ ಮತ್ತೆ ಮುಚ್ಚಿಕೊಂಡಿತು.

ಮಗಳಿಗೆ ಫೋನ್ ಮಾಡಿದೆ. “ಅಪ್ಪಾ, ಇದಕ್ಕೆಲ್ಲಾ ಅಳ್ತಾರಾ? ಫೋನಲ್ಲೇ ಎಲ್ಲಾ ಪಾಟೂ ಐತೆ” ಅಂದಳು. ಮೊಮ್ಮಗಳು ಫೋನಿನಲ್ಲೇ ಯಾವುದನ್ನು ಎಲ್ಲಿ ಒತ್ತಬೇಕು ಅಂತ ತಮಿಳಿನಲ್ಲಿ ಪಾಠ ಮಾಡಿದಳು. ಒತ್ತಿದೆ. ಹಾಡು ಬಂತು. ಹಾಡಿಗೆ ಮುಂಚೆ ಒಬ್ಬ ಹೆಂಗಸು ಬಂದು ಹಲ್ಲುಪುಡಿ ಕೊಂಡುಕೊಳ್ಳಿ ಅಂದಳು.

“ಉಂಡ್ರಾ ಅಂತ ಕೇಳೋನು ಬರ್ಲಿಲ್ವಲ್ಲವ್ವಾ” ಅಂದೆ.

ಮಗಳು ಒಲೆಯ ಮೇಲೆ ಹಾಲಿದೆ ಅಂತ ಫೋನ್ ಇಟ್ಟಳು. ಫೋನಿನ ಹಾಡು ಸಣ್ಣ ಸದ್ದು, ಕುರಿಗಳ ಕಿವಿಗೂ ಹೋಗಲಿಲ್ಲ. ನಾನು ಆ ದಿನ ಬಂಡೆಯ ಮೇಲೆ ಕೂತು ಗುಡ್ಡಕ್ಕೆಲ್ಲ ಕೇಳುವ ಹಾಗೆ, “ಉಂಡೆ ಕಣಪ್ಪಾ” ಅಂದೆ. ಯಾರೂ ಕೇಳಿರಲಿಲ್ಲ, ಆದರೂ ಅಂದೆ. ಟಗರು ಒಂದು ಸಲ ಕೆಮ್ಮಿತು.

ರೇಡಿಯೋಗೆ ಸೂತಕ ಎಷ್ಟು ದಿನ?

ನಮ್ಮ ಎದುರುಮನೆಯಲ್ಲಿ ಒಬ್ಬಳು ಅಜ್ಜಿ ಇದ್ದಾಳೆ. ಅವಳ ಗಂಟಲು ಎಂಥದು ಅಂದರೆ, ಅವಳು ಮನೆಯಲ್ಲಿ ಬೆಕ್ಕನ್ನು ಗದರಿಸಿದರೆ ಗುಡ್ಡದಲ್ಲಿ ನರಿ ಓಡಬೇಕು. ಬಂಡೆ ಪಾಟಿಗೆ ಊರಿನಲ್ಲಿ ಮೊದಲ ಶತ್ರು ಅವಳೇ. “ಲೇ, ಆ ದೆವ್ವಕ್ಕೆ ಬಾಯ್ ಮುಚ್ಚಿಸ್ಲಾ” ಅಂತ ದಿನಾ ಕೂಗುತ್ತಿದ್ದಳು.

ಒಂದು ಸಂಜೆ ಹೆಂಡತಿಯ ಫೋಟೋ ಮುಂದೆ ಎಂದಿನಂತೆ ದೀಪ ಹಚ್ಚಿದೆ. ಕೆಲಸವಿಲ್ಲದ ರೇಡಿಯೋವನ್ನು ಧೂಳು ಹಿಡಿಯದಿರಲಿ ಅಂತ ಬಿಳಿ ಬಟ್ಟೆ ಸುತ್ತಿ ಫೋಟೋ ಇದ್ದ ಗೋಡೆಯ ಗೂಡಿನಲ್ಲೇ ಇಟ್ಟಿದ್ದೆ, ಹಿಂದೆ ಮೊಟ್ಟೆ ಟ್ರೇ. ಚಳಿಗೆ ತಲೆಯ ಮೇಲೆ ಟವಲು ಹಾಕಿಕೊಂಡು ಎದುರಿಗೆ ಕೂತಿದ್ದೆ. ಅಜ್ಜಿ ಮೊಸರಿಗೆ ಹೆಪ್ಪು ಕೇಳಲು ಬಂದವಳು ಬಾಗಿಲಲ್ಲೇ ನಿಂತಳು. ಬಿಳಿ ಬಟ್ಟೆ ನೋಡಿದಳು, ದೀಪ ನೋಡಿದಳು, ತಲೆಯ ಮೇಲಿನ ಟವಲು ನೋಡಿದಳು. ಒಂದು ಮಾತೂ ಆಡದೆ ಹಿಂದಿರುಗಿದಳು. ಆ ಅಜ್ಜಿ ಮಾತಾಡದೆ ಹೋದದ್ದು ಊರಿನ ಚರಿತ್ರೆಯಲ್ಲಿ ಅದೇ ಮೊದಲು.

ಸ್ವಲ್ಪ ಹೊತ್ತಿಗೆ ಬೀದಿಯವರೆಲ್ಲ ಬಂದರು. ಸಾವಿನ ಮನೆಯಲ್ಲಿ ಒಲೆ ಹಚ್ಚಬಾರದು, ನೆರೆಯವರು ಅಡುಗೆ ತರಬೇಕು, ಅದು ನಮ್ಮ ಪದ್ಧತಿ. ಒಬ್ಬೊಬ್ಬರ ಕೈಯಲ್ಲೂ ಒಂದೊಂದು ಪಾತ್ರೆ: ಮುದ್ದೆ, ಅನ್ನ, ಸಾರು. ಹಟ್ಟಿಯ ಗೌಡ ಹೆಗಲ ಮೇಲಿನ ಟವಲು ತೆಗೆದು ಕಂಕುಳಲ್ಲಿಟ್ಟುಕೊಂಡು ಮೆತ್ತಗೆ ಕೇಳಿದ.

“ಯಾರ್ ಓದ್ರಪ್ಪಾ? ಮಗ್ಳ ಮನೆ ಕಡೆಯೋರಾ?”

“ಯಾರೂ ಇಲ್ಲ ಗೌಡ್ರೇ.”

“ಮತ್ತೆ ಈ ಬಿಳೀ ಬಟ್ಟೆ?”

“ರೇಡಿಯೋ.”

ಎಲ್ಲರೂ ಅಜ್ಜಿಯ ಕಡೆ ನೋಡಿದರು. ಅಜ್ಜಿ ಸೂರಿನ ಕಡೆ ನೋಡಿದಳು. ಸಾವಿನ ಮನೆಗೆ ತಂದ ಅಡುಗೆಯನ್ನು ವಾಪಸು ಒಯ್ಯುವ ಹಾಗಿಲ್ಲ. ಸಾವೇ ಆಗಿಲ್ಲ ಅಂದರೆ ಇಲ್ಲಿ ಉಣ್ಣುವ ಹಾಗೂ ಇಲ್ಲ. ಸಾರು ಆರುತ್ತಿತ್ತು. ಎಲ್ಲರಿಗೂ ಹಸಿವು. ಗೌಡನೇ ತೀರ್ಮಾನ ಹೇಳಬೇಕಾಯಿತು.

“ಆ ರೇಡಿಯೋದೋನು ನಿಂಗೆ ಏನಾಗ್ಬೇಕು?”

“ಏನೂ ಇಲ್ಲ. ದಿನಾ ಉಂಡ್ರಾ ಅಂತ ಕೇಳ್ತಿದ್ದ.”

ಗೌಡ ಗಡ್ಡ ಕೆರೆದುಕೊಂಡ. “ನನ್ ತಮ್ಮ ಪಕ್ಕದ ಮನೇಲೇ ಅವ್ನೆ, ಒಂದ್ ದಿನಾನೂ ಕೇಳಿಲ್ಲ. ಕೇಳ್ತಿದ್ದ ಅಂದ್ಮೇಲೆ ನೆಂಟನೇ. ನೆಂಟ ಅಂದ್ರೆ ಮೂರು ದಿನ ಸೂತಕ. ಬಡ್ಸಿ.”

ಬಡಿಸಿದರು. ಹೆಂಡತಿ ಹೋದ ಮೇಲೆ ಆ ಜಗಲಿಯಲ್ಲಿ ಅಷ್ಟು ಎಲೆ ಬಿದ್ದದ್ದು ಅದೇ ಮೊದಲು. ತಲೆ ತಗ್ಗಿಸಿಕೊಂಡು ನೀರು ಕುಡಿದೆ. ಅಷ್ಟರಲ್ಲಿ ಯಾರೋ ಅಂದರು, “ಅವ್ನ ನಂಬರ್ ಐತಲ್ಲಾ, ಒಂದ್ ಕಿತ ಮಾತಾಡ್ಸಿ ಮಾವಾ.”

ಅಲ್ಲಿಯವರೆಗೆ ಧೈರ್ಯವಾಗಿರಲಿಲ್ಲ. ಅವರೇ ಒತ್ತಿ ಸ್ಪೀಕರಿಗೆ ಹಾಕಿದರು. ಆ ಕಡೆಯಿಂದ, “ಹಲೋ, ಸೊಲ್ಲುಂಗ” ಅಂತ, ಹೇಳಿ ಅಂತ, ತಮಿಳಿನಲ್ಲಿ ಬಂತು. ಅದೇ ಗಂಟಲು.

“ನಾನು ಕುರಿಯೋನು ಕಣಪ್ಪಾ. ನೀನು ಉಂಡ್ರಾ ಅಂತ ಕೇಳ್ತಿದ್ಯಲ್ಲ, ಉಂಡೆ ಅಂತ ದಿನಾ ಯೋಳ್ತಿದ್ದೋನು ನಾನು.”

ಅವನು ಹಾಡಿಗೆ ಮುಂಚೆ ಸುಮ್ಮನಿರುತ್ತಿದ್ದ ಹಾಗೆಯೇ ಸುಮ್ಮನಾದ. ಆಮೇಲೆ, “ನಾನು ಆ ರೂಮಲ್ಲಿ ಒಬ್ನೇ ಕೂತ್ಕಂಡು ಕೇಳ್ತಿದ್ದೆ ಮಾವಾ. ಯಾರಾನ ಇದ್ದಾರೆ ಅಂತ ನಂಗೇ ಗೊತ್ತಿರ್ಲಿಲ್ಲ” ಅಂದ. ಈಗ ಸೇಲಂನಲ್ಲಿ ಮೊಬೈಲ್ ಅಂಗಡಿಯಲ್ಲಿದ್ದಾನಂತೆ, ನಮ್ಮ ಮಾತು ಆಡುವವರು ಅಲ್ಲಿ ಯಾರೂ ಇಲ್ಲವಂತೆ. ಹಿಂದಿನಿಂದ ಯಾರೋ ತಮಿಳಿನಲ್ಲಿ ಅವನನ್ನು ಕರೆದರು. “ಗಿರಾಕಿ ಬಂದ್ರು ಮಾವಾ” ಅಂದವನು, ಇಡುವ ಮುಂಚೆ ಕೇಳಿದ, “ಉಂಡ್ರಾ ಎಲ್ಲಾರೂ?”

ಜಗಲಿಯಷ್ಟೂ ಜನ ಒಟ್ಟಿಗೆ, “ಉಂಡ್ವೋ!” ಅಂದರು.

ಅಜ್ಜಿ ಎಲೆಯ ಮುಂದಿಂದ ಎದ್ದು ನಿಂತಳು. “ಸತ್ತೋನು ಮಾತಾಡ್ತಾ ಅವ್ನೆ! ಕೊಡ್ಲಾ ನನ್ ಸಾರು!”

ಹೆಸರಿರುವ ಪಾತ್ರೆ

ಸತ್ತವನೇ ಮಾತಾಡಿದ ಮೇಲೆ ಸೂತಕ ಅಲ್ಲಿಗೇ ಮುಗಿಯಿತು, ಮಾರನೆಯ ದಿನ ಪಾತ್ರೆಗಳನ್ನು ತೊಳೆದೆ. ಯಾವುದು ಯಾರದು? ಮೇಲೆ ಹೆಸರು ಕೊರೆದಿರುತ್ತದೆ, ಆದರೆ ಅದು ಮದುವೆಯಲ್ಲಿ ಉಡುಗೊರೆ ಕೊಟ್ಟವರ ಹೆಸರು. ನಮ್ಮ ಬೀದಿಯಲ್ಲಿ ಗೌಡನ ಹೆಸರಿನ ಪಾತ್ರೆ ಎಲ್ಲರ ಮನೆಯಲ್ಲೂ ಇದೆ, ಗೌಡನ ಮನೆಯಲ್ಲಿ ಮಾತ್ರ ಇಲ್ಲ. ಬಾಗಿಲಿಂದ ಬಾಗಿಲಿಗೆ ಹೊತ್ತುಕೊಂಡು ಹೋದೆ. ಪ್ರತಿ ಬಾಗಿಲಲ್ಲೂ ಮೊದಲು ಪಾತ್ರೆ ನೋಡಲಿಲ್ಲ, “ಉಂಡ್ಯಾ?” ಅಂದರು.

ಕೊನೆಗೆ ಉಳಿದ ತಪ್ಪಲೆಯ ಮೇಲೆ ನನ್ನ ಹೆಂಡತಿಯ ಹೆಸರಿತ್ತು. ಅಜ್ಜಿಯ ಮೊಮ್ಮಗಳ ಮದುವೆಗೆ ನಾವೇ ಕೊಟ್ಟದ್ದು. ಅಕ್ಷರದ ಮೇಲೆ ಬೆರಳಾಡಿಸಿಕೊಂಡು ಎದುರುಮನೆಗೆ ಹೋದೆ.

“ನಿನ್ ಎಂಡ್ತಿ ಎಸ್ರು ಐತೆ, ನಿಂದೇ ಕಣ್ಲಾ, ಮಡೀಕೋ” ಅಂದಳು ಅಜ್ಜಿ.

“ಕೊಟ್ಟಿದ್ದು ಎಂಗೆ ವಾಪಸ್ ತಗಳ್ಳಾದು ಅಜ್ಜೀ?”

“ಹಂಗಾದ್ರೆ ಬರೀ ಪಾತ್ರೆ ತಂದಿದ್ದೀಯಲ್ಲ? ಅವ್ಳು ಯಾವತ್ತಾನ ಬರೀ ಪಾತ್ರೆ ತಂದವ್ಳಾ? ತುಂಬ್ಕಂಡ್ ಬಾ, ಓಗು.”

ಹುರುಳಿ ಸಾರು ಮಾಡಿ ತುಂಬಿಕೊಂಡು ಹೋದೆ. ಅಜ್ಜಿ ಬೆರಳು ಅದ್ದಿ ನೆಕ್ಕಿದಳು. ಮುಖ ಕಿವುಚಿದಳು. “ಇದಾ ನೀನು ದಿನಾ ಉಣ್ಣಾದು? ಆ ರೇಡಿಯೋದೋನು ಉಂಡ್ಯಾ ಉಂಡ್ಯಾ ಅಂತ ಕೇಳ್ತಿದ್ದಿದ್ದು ಕನಿಕರಕ್ಕೆ ಕಣ್ಲಾ!” ಅಂದವಳೇ ಚೆಲ್ಲಿ, ತೊಳೆದು, ತನ್ನ ಸಾರು ತುಂಬಿ ನನ್ನ ಕೈಗೇ ಕೊಟ್ಟಳು. ಅಲ್ಲಿಂದ ಆ ತಪ್ಪಲೆ ಯಾರ ಮನೆಯದೂ ಅಲ್ಲದೆ ಬೀದಿ ದಾಟುತ್ತಲೇ ಇದೆ.

ಮೊನ್ನೆ ಮಧ್ಯಾಹ್ನ ಬಂಡೆಯ ಮೇಲೆ ಕೂತಿದ್ದೆ. ಕುರಿಗಳು ಎಂದಿನಂತೆ ನೆರಳಿನಲ್ಲಿ ಮುಷ್ಕರ ಹೂಡಿದ್ದವು. ಕೆಳಗೆ ಊರಿನಿಂದ, ಅಜ್ಜಿಯ ಹಿತ್ತಲಿನಿಂದ, ಗುಡ್ಡ ಅದುರುವ ಹಾಗೆ ಕೂಗು ಬಂತು.

“ಲೇ! ಉಂಡ್ಯಾ?”

ಎದ್ದು ನಿಂತು ಕೈ ಬಾಯಿಗಿಟ್ಟುಕೊಂಡು, “ಉಂಡೆ ಕಣಜ್ಜೀ!” ಅಂದೆ.

“ಸಾರು ಎಂಗಿತ್ತು?”

ರೇಡಿಯೋ ಯಾವತ್ತೂ ಈ ಎರಡನೆಯ ಪ್ರಶ್ನೆ ಕೇಳಿದ್ದಿಲ್ಲ. ನನಗೆ ರೂಢಿ ಇಲ್ಲದೆ ನಿಜ ಹೇಳಿಬಿಟ್ಟೆ. “ಉಪ್ಪು ಕಮ್ಮಿ!”

ಅಜ್ಜಿ ಶುರು ಮಾಡಿದಳು. ನನ್ನಿಂದ ಹಿಡಿದು ನನ್ನ ಮುತ್ತಾತನವರೆಗೆ ಒಬ್ಬರನ್ನೂ ಬಿಡಲಿಲ್ಲ. ಅವಳು ಮುಗಿಸುವ ಹೊತ್ತಿಗೆ ಟಗರು ಮುಂದಾಗಿ ಕುರಿಗಳೆಲ್ಲ ಎದ್ದು ನೀರಿನ ಕಡೆಗೆ ಹೊರಟಿದ್ದವು.